ಮೊದಲು ಕಾಗದ ಮಡಿಸಿ, ಆಮೇಲೆ ಬಣ್ಣ ಕಲಸಿ: ಮಕ್ಕಳ ಚಿತ್ರಪುಸ್ತಕ ಮಾಡುವ ಕ್ರಮ

“ನನ್ನಲ್ಲೊಂದು ಮಕ್ಕಳ ಕಥೆ ಇದೆ, ಚಿತ್ರವನ್ನೂ ನಾನೇ ಬಿಡಿಸಬಲ್ಲೆ. ಪುಸ್ತಕ ಮಾಡುವುದು ಹೇಗೆ?” ಮಂಗಳೂರು, ಉಡುಪಿ, ಕುಂದಾಪುರ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಡ್ರಾಯಿಂಗ್ ಟೀಚರುಗಳಿದ್ದಾರೆ, ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ, ಕಲಾಶಾಲೆಯಿಂದ ಈಗಷ್ಟೇ ಹೊರಬಂದವರಿದ್ದಾರೆ. ಅವರಲ್ಲಿ ಬಹಳ ಮಂದಿ ಮಾಡುವ ತಪ್ಪು ಒಂದೇ. ನಾಲ್ಕು ಚಿತ್ರ ಪೂರ್ತಿ ಬಣ್ಣದಲ್ಲಿ ಮುಗಿದಿರುತ್ತದೆ, ಕಥೆ ಎಷ್ಟು ಪುಟ ಹಿಡಿಯುತ್ತದೆ ಎನ್ನುವುದು ಮಾತ್ರ ಗೊತ್ತಿರುವುದಿಲ್ಲ. ಐದನೆಯ ಚಿತ್ರಕ್ಕೆ ಬರುವಾಗ ಕಥೆ ಮುಗಿದುಹೋಗಿರುತ್ತದೆ, ಇಲ್ಲವೇ ಮೊದಲ ನಾಲ್ಕನ್ನೂ ಬಿಸಾಡಬೇಕಾಗುತ್ತದೆ.

ಚಿತ್ರಪುಸ್ತಕ ಹುಟ್ಟುವುದು ಮಡಿಸಿದ ಕಾಗದದಲ್ಲಿ. ಬಣ್ಣದ ಕೆಲಸ ಬರುವುದು ಏಳನೆಯ ಹಂತದಲ್ಲಿ. ದಯವಿಟ್ಟು ಈ ಕ್ರಮ ತಪ್ಪಿಸಬೇಡಿ.

ಶುರು ಮಾಡಲು ಬೇಕಾದ್ದು ಇಷ್ಟೇ: ಒಂದು ಕಟ್ಟು ಸಾಧಾರಣ ಎ4 ಕಾಗದ, ಎಚ್‌ಬಿ ಮತ್ತು 2ಬಿ ಪೆನ್ಸಿಲ್, ಸ್ಕೇಲು, ಸ್ಟೇಪ್ಲರ್, ಯೂನಿಕೋಡ್ ಕನ್ನಡ ಬರುವ ಫೋನ್ ಅಥವಾ ಕಂಪ್ಯೂಟರ್. ಐಪ್ಯಾಡ್, ಪೆನ್ ಟ್ಯಾಬ್ಲೆಟ್, ದುಬಾರಿ ಬಣ್ಣ ಯಾವುದನ್ನೂ ಈಗಲೇ ಕೊಳ್ಳಬೇಡಿ.

1. ವಯಸ್ಸು ಮತ್ತು ಪುಟ ಗೊತ್ತುಮಾಡಿ

“ಎಲ್ಲ ಮಕ್ಕಳಿಗೂ” ಎನ್ನುವ ಪುಸ್ತಕ ಯಾವ ಮಗುವಿಗೂ ಸರಿಯಾಗಿ ಹೊಂದುವುದಿಲ್ಲ. 3ರಿಂದ 5 ವರ್ಷದ ಮಗುವಿಗೆ ದೊಡ್ಡವರು ಓದಿ ಹೇಳುತ್ತಾರೆ. 6 ದಾಟಿದ ಮಗು ಬೆರಳಿಟ್ಟು ತಾನೇ ಓದುತ್ತದೆ. ಇವೆರಡಕ್ಕೂ ಬೇಕಾದ ವಾಕ್ಯ ಬೇರೆ, ಅಕ್ಷರದ ಗಾತ್ರ ಬೇರೆ.

ಪದಗಳ ಲೆಕ್ಕಕ್ಕೆ ಬೆಂಗಳೂರಿನ ಮಕ್ಕಳ ಪುಸ್ತಕ ಪ್ರಕಾಶನ ಪ್ರಥಮ್ ಬುಕ್ಸ್ ಬಳಸುವ ನಾಲ್ಕು ಹಂತಗಳನ್ನೇ ಅಳತೆಗೋಲು ಮಾಡಿಕೊಳ್ಳಬಹುದು: ಮೊದಲನೆಯದು 250 ಪದಗಳವರೆಗೆ, ಎರಡನೆಯದು 250ರಿಂದ 600, ಮೂರನೆಯದು 600ರಿಂದ 1500, ನಾಲ್ಕನೆಯದು ಅದಕ್ಕೂ ಮೇಲೆ. ಮೊದಲ ಪುಸ್ತಕಕ್ಕೆ ಒಂದನೆಯ ಅಥವಾ ಎರಡನೆಯ ಹಂತ ಆರಿಸಿಕೊಳ್ಳಿ. ಒಂದು ವಿಷಯ ನೆನಪಿರಲಿ, ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. “ಅಂಗಳದಲ್ಲಿ” ನಮಗೆ ಒಂದೇ ಪದ, ಇಂಗ್ಲಿಷಿನಲ್ಲಿ ಅದು ಮೂರು. ಹಾಗಾಗಿ ಇಂಗ್ಲಿಷ್ ಪುಸ್ತಕದ ಪದಸಂಖ್ಯೆ ನೋಡಿಕೊಂಡು ಕನ್ನಡದಲ್ಲಿ ಅಷ್ಟೇ ಪದ ತುಂಬಿಸಿದರೆ ಪುಟ ಭಾರವಾಗುತ್ತದೆ.

ಪುಟಗಳು 16, 24 ಅಥವಾ 32. ಇದು ಯಾರದೋ ಇಷ್ಟದ ಸಂಖ್ಯೆಯಲ್ಲ. ಮುದ್ರಣದಲ್ಲಿ ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಹಾಕಿ, ಮಡಿಸಿ, ಕತ್ತರಿಸುತ್ತಾರೆ. ಒಂದು ಹಾಳೆಯಿಂದ 8 ಅಥವಾ 16 ಪುಟ ಸಿಗುತ್ತದೆ. ಪ್ರೆಸ್ಸಿನವರು ‘ಫಾರಂ’ ಎನ್ನುವುದು ಇದಕ್ಕೇ. 27 ಪುಟದ ಕಥೆ ತಂದರೆ ಉಳಿದ ಪುಟಗಳ ಕಾಗದಕ್ಕೂ ನೀವೇ ದುಡ್ಡು ಕೊಡಬೇಕು. ಹೊಸಬರಿಗೆ 24 ಪುಟ ಹೇಳಿಸಿದ ಅಳತೆ.

2. ಕಥೆ ಬರೆಯಿರಿ, ಸಣ್ಣದಾಗಿ

ಒಂದು ಮಗು, ಅದಕ್ಕೊಂದು ತೊಂದರೆ, ಒಂದು ಮಧ್ಯಾಹ್ನದಷ್ಟು ಕಾಲ. ಇಷ್ಟು ಸಾಕು. ತೊಂದರೆ ಬಿಡಿಸುವ ಕೈ ಮಗುವಿನದೇ ಆಗಿರಲಿ. ಕೊನೆಗೆ ಅಜ್ಜನೋ ಟೀಚರೋ ಬಂದು ಎಲ್ಲವನ್ನೂ ಸರಿಮಾಡಿದರೆ ಕೇಳುವ ಮಗುವಿಗೆ ಕಥೆಯಲ್ಲಿ ಜಾಗವೇ ಇಲ್ಲದಂತಾಗುತ್ತದೆ. ಕೊನೆಯ ಪುಟದಲ್ಲಿ “ಆದ್ದರಿಂದ ಮಕ್ಕಳೇ” ಎಂದು ಶುರುವಾಗುವ ವಾಕ್ಯವಿದ್ದರೆ ಹೊಡೆದುಹಾಕಿ. ಕಥೆಯಲ್ಲಿ ಹುರುಳಿದ್ದರೆ ಅದು ಬೇಕಾಗುವುದಿಲ್ಲ, ಇಲ್ಲದಿದ್ದರೆ ಅದರಿಂದ ಹುರುಳು ಬರುವುದೂ ಇಲ್ಲ.

ಭಾಷೆಯ ವಿಚಾರ ನಮ್ಮ ಕರಾವಳಿಯಲ್ಲಿ ಸ್ವಲ್ಪ ಸೂಕ್ಷ್ಮ. ನಿಮ್ಮ ಪುಸ್ತಕ ಹಿಡಿಯುವ ಮಗು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ ಮಾತಾಡುತ್ತಿರಬಹುದು. ಶಾಲೆಯ ಕನ್ನಡ ಅದಕ್ಕೆ ಎರಡನೆಯ ಭಾಷೆ. ಇಡೀ ಕಥೆಯನ್ನು ಆಡುಮಾತಿನಲ್ಲಿ ಬರೆದರೆ ಧಾರವಾಡ, ಮೈಸೂರಿನ ಮಕ್ಕಳು ಎಡವುತ್ತಾರೆ. ಬರೇ ಪಠ್ಯಪುಸ್ತಕದ ಕನ್ನಡದಲ್ಲಿ ಬರೆದರೆ ಜೀವ ಇರುವುದಿಲ್ಲ. ನಿರೂಪಣೆ ಸರಳ ಕನ್ನಡದಲ್ಲಿರಲಿ, ಸಂಭಾಷಣೆಯಲ್ಲಿ ಊರಿನ ಒಂದೆರಡು ಪದ ಬರಲಿ, ಆ ಪದದ ಅರ್ಥ ಚಿತ್ರದಲ್ಲೇ ಸಿಗಲಿ. ಬೆಕ್ಕಿನ ಚಿತ್ರದ ಪಕ್ಕ ಮಗು “ಪುಚ್ಚೆ!” ಎಂದು ಕೂಗಿದರೆ ಬಳ್ಳಾರಿಯ ಮಗುವಿಗೂ ಅಡಿಟಿಪ್ಪಣಿ ಬೇಡ.

ಈಗಷ್ಟೇ ಓದಲು ಕಲಿಯುವವರಿಗೆ ಬರೆಯುವಾಗ ಒತ್ತಕ್ಷರಗಳನ್ನು ಎಣಿಸಿ. “ಅಮ್ಮ”, “ಅಜ್ಜಿ”, “ಹಪ್ಪಳ” ಇಂಥ ಸಜಾತೀಯ ಒತ್ತುಗಳು ಮಕ್ಕಳಿಗೆ ಬೇಗ ಒಲಿಯುತ್ತವೆ. “ರಾಷ್ಟ್ರ”, “ಸ್ಪಷ್ಟ”, “ವಿದ್ಯುತ್” ತಡವರಿಸುವಂತೆ ಮಾಡುತ್ತವೆ. “ವಿದ್ಯುತ್ ಹೋಯಿತು” ಎಂದು ಯಾವ ಮಗುವೂ ಹೇಳುವುದಿಲ್ಲ. “ಕರೆಂಟು ಹೋಯ್ತು” ಎನ್ನುತ್ತದೆ. ಹಾಗೆಯೇ ಬರೆಯಿರಿ.

ಪ್ರಾಸದ ಆಸೆ ಎಲ್ಲರಿಗೂ ಇರುತ್ತದೆ. ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿದ್ದುಕೊಂಡು ಕನ್ನಡದ ಮಕ್ಕಳ ಪದ್ಯಕ್ಕೆ ಹಾಕಿಕೊಟ್ಟ ನಡಿಗೆ ನಮ್ಮ ಕಿವಿಯಲ್ಲಿ ಇನ್ನೂ ಇದೆ. ಆದರೆ ಅಲ್ಲಿ ಮಾತ್ರೆಗಳ ಲೆಕ್ಕ ಒಂದು ಸಾಲಿನಲ್ಲೂ ತಪ್ಪುವುದಿಲ್ಲ. ಸಾಲಿನ ಕೊನೆಗೆ “ಬಂತು–ನಿಂತು” ಹೊಂದಿಸಿ ನಡುವಿನ ಲಯ ಕುಂಟಿದರೆ ಅದಕ್ಕಿಂತ ಒಳ್ಳೆಯ ಗದ್ಯ ಎಷ್ಟೋ ವಾಸಿ. ಪ್ರಾಸದ ಪುಸ್ತಕವನ್ನು ಬೇರೆ ಭಾಷೆಗೆ ತರುವುದು ಕಷ್ಟವೆಂದು ಹಲವು ಭಾಷೆಗಳಲ್ಲಿ ಪ್ರಕಟಿಸುವವರು ಹಿಂದೇಟು ಹಾಕುವುದೂ ಉಂಟು.

3. ಚಿತ್ರ ಹೇಳುವುದನ್ನು ಮಾತಿನಿಂದ ಅಳಿಸಿ

ಹೊಸಬರ ಹಸ್ತಪ್ರತಿ ಸೋಲುವುದು ಹೆಚ್ಚಾಗಿ ಇಲ್ಲಿ. ಹಾಗಾಗಿ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕಥೆ ಇದು: ಮೇ ತಿಂಗಳು, ಅಂಗಳದ ಚಾಪೆಯಲ್ಲಿ ಹಲಸಿನ ಹಪ್ಪಳ ಒಣಗುತ್ತಿದೆ, ಕಾಯುವ ಕೆಲಸ ಚಿನ್ನುವಿನದು. ಮೊದಲ ಬರವಣಿಗೆ ಹೀಗಿರುತ್ತದೆ:

“ಬೇಸಿಗೆಯ ಮಧ್ಯಾಹ್ನ. ಚಿನ್ನು ಕೆಂಪು ಲಂಗ ಹಾಕಿಕೊಂಡು ಅಂಗಳದಲ್ಲಿ ಕುಳಿತಿದ್ದಳು. ಅವಳ ಕೈಯಲ್ಲಿ ಉದ್ದದ ಕೋಲಿತ್ತು. ಚಾಪೆಯ ಮೇಲೆ ಅಜ್ಜಿ ಒಣಹಾಕಿದ ಹಲಸಿನ ಹಪ್ಪಳಗಳಿದ್ದವು. ಒಂದು ಕಾಗೆ ಮಾವಿನ ಮರದಲ್ಲಿ ಕುಳಿತು ಹಪ್ಪಳವನ್ನೇ ನೋಡುತ್ತಿತ್ತು. ಚಿನ್ನುವಿಗೆ ನಿದ್ದೆ ಬರುತ್ತಿತ್ತು.”

ಇದು 28 ಪದ. ಈಗ ಒಂದೊಂದೇ ಕೇಳಿಕೊಳ್ಳಿ. ಲಂಗದ ಬಣ್ಣ ಚಿತ್ರದಲ್ಲಿದೆ. ಕೋಲು, ಚಾಪೆ, ಹಪ್ಪಳ, ಮಾವಿನ ಮರ, ಬಿಸಿಲು ಎಲ್ಲವೂ ಚಿತ್ರದಲ್ಲಿವೆ. ಹಾಗಾದರೆ ಚಿತ್ರ ಹೇಳಲಾಗದ್ದು ಏನು? ಅಜ್ಜಿಯ ಮಾತು, ಮತ್ತು ಹೊತ್ತು ಹೋಗದ ಆ ಬೇಸರ. ತಿದ್ದಿದ ಮೇಲೆ:

“ಹಪ್ಪಳ ನೋಡಿಕೋ” ಎಂದಳು ಅಜ್ಜಿ. ಚಿನ್ನು ನೋಡಿದಳು. ನೋಡಿದಳು. ನೋಡಿದಳು…

ಎಂಟು ಪದ. ಮೂರು “ನೋಡಿದಳು”ಗಳಿಗೆ ಮೂರು ಸಣ್ಣ ಚಿತ್ರ: ಮೊದಲನೆಯದರಲ್ಲಿ ಕಣ್ಣು ಅಗಲ, ಎರಡನೆಯದರಲ್ಲಿ ಅರ್ಧ, ಮೂರನೆಯದರಲ್ಲಿ ಮುಚ್ಚಿದೆ. ಕಾಗೆ ಮೊದಲು ಕೊಂಬೆಯಲ್ಲಿ, ಆಮೇಲೆ ಬಾವಿಕಟ್ಟೆಯಲ್ಲಿ, ಆಮೇಲೆ ಚಾಪೆಯ ಅಂಚಿನಲ್ಲಿ. ಮಾತಿನಲ್ಲಿ ಕಾಗೆಯ ಸುದ್ದಿಯೇ ಇಲ್ಲ. ಕೇಳುತ್ತಿರುವ ಮಗುವಿಗೆ ಅದು ಚಿನ್ನುವಿಗಿಂತ ಮೊದಲೇ ಕಾಣುತ್ತದೆ, “ಕಾಗೆ! ಕಾಗೆ!” ಎಂದು ಪುಸ್ತಕಕ್ಕೆ ಬೆರಳು ಚುಚ್ಚುತ್ತದೆ. ಚಿತ್ರಪುಸ್ತಕದ ಶಕ್ತಿ ಪೂರ್ತಿ ಇರುವುದು ಈ ಬೆರಳಿನಲ್ಲಿ. ಬರೆಯುವವರೂ ಬಿಡಿಸುವವರೂ ನೀವೊಬ್ಬರೇ ಆಗಿರುವುದರ ದೊಡ್ಡ ಲಾಭ ಇದು. ಮಾತಿನಲ್ಲಿ ಏನನ್ನು ಅಡಗಿಸಿಡಬೇಕು ಎಂದು ಯಾರಿಗೂ ಪತ್ರ ಬರೆದು ವಿವರಿಸಬೇಕಿಲ್ಲ.

4. ಡಮ್ಮಿ ಮಾಡಿ

ಡಮ್ಮಿ ಎಂದರೆ ಪೆನ್ಸಿಲಿನಲ್ಲಿ ಮಾಡಿದ ಕಚ್ಚಾ ಪುಸ್ತಕ. ಎ4 ಹಾಳೆ 6 ತೆಗೆದುಕೊಂಡು ಒಟ್ಟಿಗೆ ನಡುವೆ ಮಡಿಸಿ ಬೆನ್ನಿಗೆ ಪಿನ್ ಹಾಕಿ. 24 ಪುಟ ಸಿಕ್ಕಿತು. 32 ಬೇಕಿದ್ದರೆ 8 ಹಾಳೆ. ಪುಟದ ಮೂಲೆಯಲ್ಲಿ ಸಂಖ್ಯೆ ಬರೆಯಿರಿ. 1 ಶೀರ್ಷಿಕೆಗೆ, 2 ಪ್ರಕಾಶನದ ವಿವರಕ್ಕೆ, 3ರಲ್ಲಿ ಕಥೆ ಶುರು. ಆಮೇಲೆ 4–5ರಿಂದ 22–23ರವರೆಗೆ ಹತ್ತು ಜೋಡಿಪುಟಗಳು, ಅಂದರೆ ಪುಸ್ತಕ ತೆರೆದಾಗ ಎದುರುಬದುರಾಗಿ ಒಟ್ಟಿಗೆ ಕಾಣುವ ಎರಡು ಪುಟಗಳು. ಕೊನೆಗೆ ಒಂಟಿಯಾಗಿ 24. ನಿಮ್ಮ ಕಥೆಗೆ ಇರುವ ಜಾಗ ಇಷ್ಟೇ.

ಡಮ್ಮಿಗಿಂತ ಮೊದಲು ಒಂದೇ ಹಾಳೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಚೌಕಗಳಲ್ಲಿ ಹತ್ತೂ ಜೋಡಿಪುಟಗಳನ್ನು ಗೀಚಿ. ಇಡೀ ಪುಸ್ತಕ ಒಂದೇ ನೋಟಕ್ಕೆ ಸಿಗಬೇಕು. ಎಲ್ಲ ಚೌಕದಲ್ಲೂ ಮಗು ನಡುವೆ ನಿಂತಿದ್ದು, ಎಲ್ಲವೂ ಒಂದೇ ದೂರದಿಂದ ಕಂಡಂತಿದ್ದರೆ ಅದು ಅಲ್ಲೇ ಗೊತ್ತಾಗುತ್ತದೆ. ಒಂದರಲ್ಲಿ ಮನೆಯ ಮಾಡಿನ (ಛಾವಣಿಯ) ಮೇಲಿನಿಂದ ನೋಡಿ, ಒಂದರಲ್ಲಿ ಇರುವೆಯ ಎತ್ತರದಿಂದ ನೋಡಿ, ಒಂದರಲ್ಲಿ ಬರೇ ಹಪ್ಪಳ ಮತ್ತು ಕೊಕ್ಕು ತೋರಿಸಿ.

ಡಮ್ಮಿಯಲ್ಲಿ ಪರೀಕ್ಷಿಸಬೇಕಾದ್ದು ಮುಖ್ಯವಾಗಿ ಪುಟ ತಿರುಗಿಸುವ ಗಳಿಗೆ. ಬೆಸ ಸಂಖ್ಯೆಯ ಪುಟ ಬಲಗಡೆ ಇರುತ್ತದೆ, ಕೈ ತಿರುಗಿಸುವುದು ಅದನ್ನೇ. ಕುತೂಹಲದ ಮಾತು ಅದರ ತುದಿಗೆ ಬರಲಿ, ಉತ್ತರ ಮಗುಚಿದ ಮೇಲೆ ಸಿಗಲಿ. ನಮ್ಮ ಹಪ್ಪಳದ ಕಥೆಯಲ್ಲಿ 15ನೆಯ ಪುಟದಲ್ಲಿ “ಟಪ್” ಎಂಬ ಒಂದೇ ಪದ, ಚಾಪೆಯ ಮೇಲೆ ಒಂದು ಹನಿಯ ಕಲೆ. ಮಗುಚಿದರೆ 16–17ರಲ್ಲಿ ಮಾತೇ ಇಲ್ಲ, ಇಡೀ ಜೋಡಿಪುಟ ಮಳೆ. ಆ ಹನಿ 16ರಲ್ಲೋ 14ರಲ್ಲೋ ಬಿದ್ದರೆ ಮಗು ಮಳೆಯನ್ನು ಮೊದಲೇ ನೋಡಿಬಿಡುತ್ತದೆ, ಇಲ್ಲವೇ ಹನಿಯನ್ನು ಮರೆತಿರುತ್ತದೆ.

ಇನ್ನೆರಡು ಎಚ್ಚರಿಕೆ. ಪುಸ್ತಕದ ನಡು ಮಡಿಕೆಯ ಎರಡೂ ಕಡೆ 10 ಮಿ.ಮೀ. ಜಾಗದಲ್ಲಿ ಮುಖ, ಕೈಬೆರಳು, ಅಕ್ಷರ ಬರಬಾರದು, ಹೊಲಿಗೆಯಲ್ಲಿ ನುಂಗಿಹೋಗುತ್ತದೆ. ಕನ್ನಡ ಎಡದಿಂದ ಬಲಕ್ಕೆ ಓದುವ ಭಾಷೆ, ಆದ್ದರಿಂದ ಹೊರಟ ಪಾತ್ರ ಬಲಕ್ಕೆ ಮುಖ ಮಾಡಿರಲಿ, ಮನೆಗೆ ಮರಳುವಾಗ ಎಡಕ್ಕೆ ತಿರುಗಲಿ. ಕಾರಣವಿಲ್ಲದೆ ದಿಕ್ಕು ಬದಲಾದರೆ ಮಗು “ಇವಳು ವಾಪಸ್ ಹೋಗ್ತಿದ್ದಾಳಾ?” ಎಂದು ಕೇಳುತ್ತದೆ.

ಒಂದೇ ಡಮ್ಮಿಗೆ ನಿಲ್ಲಿಸಬೇಡಿ. ಮೂರನೆಯದೋ ನಾಲ್ಕನೆಯದೋ ಸರಿಬರುವುದು ವಾಡಿಕೆ. ಒಂದು ಡಮ್ಮಿಗೆ ತಗಲುವುದು ಆರು ಹಾಳೆ ಮತ್ತು ಒಂದು ಸಂಜೆ.

5. ಮಕ್ಕಳ ಮುಂದೆ ಓದಿ

ಐದಾರು ಮಕ್ಕಳು ಸಾಕು. ಹತ್ತಿರದ ಅಂಗನವಾಡಿಯಲ್ಲಿ, ಶಾಲೆಯಲ್ಲಿ ಅಥವಾ ಗ್ರಾಮ ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಅನುಮತಿ ಕೇಳಿ ಓದಿ. ಚಿತ್ರ ಅವರ ಕಡೆಗಿರಲಿ. “ಚಂದ ಉಂಟಾ?” ಎಂದು ಕೇಳಬೇಡಿ, ಮಕ್ಕಳು “ಹೌದು” ಎಂದೇ ಹೇಳುತ್ತಾರೆ. ಯಾವ ಪುಟದಲ್ಲಿ ಕಣ್ಣು ಕಿಟಕಿಗೆ ಹೋಯಿತು, ಎಲ್ಲಿ ಮುಂದಕ್ಕೆ ಬಾಗಿದರು, ಎಲ್ಲಿ ನೀವು ಮಗುಚುವ ಮೊದಲೇ ಕೈ ಬಂತು, ಅದನ್ನು ಡಮ್ಮಿಯ ಮೇಲೇ ಗುರುತು ಹಾಕಿ. ಎರಡನೆಯ ಸಲ ಬೇರೆಯವರ ಕೈಯಲ್ಲಿ ಓದಿಸಿ ನೀವು ಹಿಂದೆ ಕುಳಿತುಕೊಳ್ಳಿ. ಅವರ ನಾಲಿಗೆ ತಡೆದ ಕಡೆಯೆಲ್ಲ ವಾಕ್ಯದ ತಪ್ಪು, ಓದುವವರದಲ್ಲ.

6. ಪಾತ್ರ ಮತ್ತು ಊರನ್ನು ನೋಡಿ ಬಿಡಿಸಿ

ಚಿನ್ನುವನ್ನು ಇಪ್ಪತ್ತು ಸಲ ಬಿಡಿಸಬೇಕು, ಇಪ್ಪತ್ತರಲ್ಲೂ ಅವಳೇ ಆಗಿರಬೇಕು. ಅದಕ್ಕೆ ಒಂದು ಮಾದರಿ ಹಾಳೆ ಮಾಡಿ: ಎದುರು, ಪಕ್ಕ, ಹಿಂದು, ಓರೆ, ನಗು, ಅಳು, ನಿದ್ದೆ. ಎತ್ತರವನ್ನು ತಲೆಯ ಲೆಕ್ಕದಲ್ಲಿ ಗುರುತಿಸಿ. ಐದು ವರ್ಷದ ಮಗು ಸುಮಾರು ಐದು ತಲೆ ಎತ್ತರ, ದೊಡ್ಡವರು ಏಳೂವರೆ. ದೊಡ್ಡವರ ಅಳತೆಯನ್ನೇ ಕುಗ್ಗಿಸಿದರೆ ಮಗು ಕುಳ್ಳ ಹೆಂಗಸಿನಂತೆ ಕಾಣುತ್ತದೆ. ಜಡೆಯ ಕ್ಲಿಪ್ ಯಾವ ಬದಿ, ಬಳೆ ಯಾವ ಕೈಗೆ ಎಂದು ಬರೆದಿಡಿ. ಬಟ್ಟೆಗೆ ಚೌಕಳಿ, ಸಣ್ಣ ಹೂವಿನ ವಿನ್ಯಾಸ ಹಾಕುವ ಮುನ್ನ ಯೋಚಿಸಿ, ಪ್ರತಿ ಪುಟದಲ್ಲೂ ಅದನ್ನು ತಪ್ಪದೆ ಬಿಡಿಸುವವರು ನೀವೇ.

ಊರಿನ ವಿಷಯದಲ್ಲಿ ಮೊಬೈಲಿನಲ್ಲಿ “ಹಳ್ಳಿ ಮನೆ” ಎಂದು ಹುಡುಕಿ ಸಿಕ್ಕ ಚಿತ್ರ ನೋಡಿ ಬಿಡಿಸಬೇಡಿ. ಹಾಗೆ ಮಾಡಿದರೆ ಉಡುಪಿಯ ಕಥೆಗೆ ಬಯಲುಸೀಮೆಯ ಮಾಳಿಗೆ ಮನೆ ಬಂದು ಕೂರುತ್ತದೆ. ನಮ್ಮ ಮಳೆಗೆ ಮಾಡು ಕಡಿದಾಗಿ ಇಳಿಜಾರು, ಗೋಡೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು), ಜಗಲಿಯವರೆಗೆ ಚಾಚಿದ ಸೂರು. ಮಂಗಳೂರು ಹಂಚು ಚಪ್ಪಟೆ, ಗೆರೆ ಕೊರೆದದ್ದು, ಒಂದಕ್ಕೊಂದು ಕೊಂಡಿಯಂತೆ ಕೂರುವಂಥದ್ದು. ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅರ್ಧ ಕೊಳವೆಯಂಥ ನಾಡಹೆಂಚು ಬೇರೆಯೇ. ಎರಡನ್ನೂ ಒಂದೇ ಮಾಡಿನಲ್ಲಿ ಬೆರೆಸಬೇಡಿ.

ಸ್ಕೆಚ್ ಪುಸ್ತಕ ಹಿಡಿದು ಹೊರಗೆ ಕೂರಿ: ಉಡುಪಿಯ ರಥಬೀದಿ, ಮಂಗಳೂರಿನ ಬಂದರು, ಪಿಲಿಕುಳ. ದೋಣಿ ಬಿಡಿಸುವುದಿದ್ದರೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರ ನಡುವೆ, ಮಳೆ ಬಿಟ್ಟ ಹೊತ್ತು ನೋಡಿ ಮಲ್ಪೆಗೆ ಹೋಗಿ. ಬೋಟುಗಳು ಸಾಲಾಗಿ ಕಟ್ಟಿಹಾಕಿ ನಿಂತಿರುತ್ತವೆ, ಆಕಾರ ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಗೆರೆಯ ಪಾಠಕ್ಕೆ ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ, ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಒಂದೇ ಗೆರೆಯಲ್ಲಿ ಕುಣಿತ ಹೇಗೆ ನಿಲ್ಲುತ್ತದೆ ಎನ್ನುವುದು ಕಣ್ಣಿಗೆ ಕಟ್ಟುತ್ತದೆ.

ಯಕ್ಷಗಾನ ಬಿಡಿಸುವವರಿಗೆ ಒಂದು ಮಾತು. ಕುಂದಾಪುರ ಕಡೆಯ ಬಡಗುತಿಟ್ಟಿನ ದೊಡ್ಡ ಮುಂಡಾಸನ್ನು ಬಂಟ್ವಾಳ, ಪುತ್ತೂರು ಕಡೆಯ ತೆಂಕುತಿಟ್ಟಿನ ಆಟಕ್ಕೆ ಹಾಕಿದರೆ ಇಲ್ಲಿನ ಮಗುವೇ ತಪ್ಪು ಹಿಡಿಯುತ್ತದೆ. ದೈವಗಳ ವಿಚಾರ ಇನ್ನೂ ಸೂಕ್ಷ್ಮ. ಯಾವ ದೈವಕ್ಕೆ ಯಾವ ಅಣಿ (ಬೆನ್ನಿಗೆ ಕಟ್ಟುವ ದೊಡ್ಡ ಅಲಂಕಾರ), ಯಾವ ಮುಖವರ್ಣಿಕೆ ಎನ್ನುವುದನ್ನು ಕಟ್ಟುವವರನ್ನೇ ಕೇಳಿ ತಿಳಿದುಕೊಳ್ಳದೆ ಬಿಡಿಸಲೇಬೇಡಿ.

7. ಅಂತಿಮ ಚಿತ್ರ

ಈಗ ಬಣ್ಣ. ಕೈಯಲ್ಲಿ ಮಾಡುವವರು 300 ಜಿಎಸ್‌ಎಂ ಕೋಲ್ಡ್ ಪ್ರೆಸ್ ಜಲವರ್ಣ ಕಾಗದ ತೆಗೆದುಕೊಳ್ಳಿ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಕೋಲ್ಡ್ ಪ್ರೆಸ್ ಎಂದರೆ ಸ್ವಲ್ಪ ತರಿ ಇರುವ ಮೈ. ಇಡೀ ಪುಸ್ತಕಕ್ಕೆ ಬೇಕಾದಷ್ಟು ಕಾಗದವನ್ನು, ಹಾಳಾಗುವುದಕ್ಕೆಂದು ಮೂರನೇ ಒಂದರಷ್ಟು ಹೆಚ್ಚಿಗೆ ಸೇರಿಸಿ, ಒಂದೇ ಸಲಕ್ಕೆ ಕೊಳ್ಳಿ. ಅರ್ಧದಲ್ಲಿ ಕಾಗದ ಬದಲಾದರೆ ಬಣ್ಣದ ಹರವೇ ಬದಲಾಗುತ್ತದೆ. ಮುದ್ರಣದ ಗಾತ್ರಕ್ಕಿಂತ ಕಾಲುಭಾಗ ದೊಡ್ಡದಾಗಿ ಬಿಡಿಸಿದರೆ ಸಣ್ಣ ತಪ್ಪುಗಳು ಕುಗ್ಗುವಾಗ ಮಾಯವಾಗುತ್ತವೆ.

ನಮ್ಮೂರಿನ ದೊಡ್ಡ ಶತ್ರು ತೇವ. ಜಲವರ್ಣದ ಕಾಗದಕ್ಕೆ ನೀರು ತಕ್ಷಣ ಒಳಗೆ ಇಳಿಯದಂತೆ ಅಂಟಿನ ಲೇಪ ಇರುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಕಾಗದದಲ್ಲಿ ಆ ಲೇಪ ಕೆಡುತ್ತದೆ. ಆಮೇಲೆ ಬಣ್ಣ ಹಚ್ಚಿದರೆ ಅಲ್ಲಲ್ಲಿ ಚುಕ್ಕೆಚುಕ್ಕೆಯಾಗಿ ಹೀರಿಕೊಂಡು ಮಚ್ಚೆ ಬಿದ್ದಂತೆ ಕಾಣುತ್ತದೆ. ಇದನ್ನು ಸರಿಪಡಿಸಲು ಬರುವುದಿಲ್ಲ. ಕಾಗದವನ್ನೂ ಮುಗಿದ ಚಿತ್ರವನ್ನೂ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಪೊಟ್ಟಣಗಳನ್ನು ಆಗಾಗ ಬದಲಿಸಿ. ಜೂನ್–ಜುಲೈಯಲ್ಲಿ ಒಂದು ಲೇಪ ಒಣಗಲು ಬೇಸಿಗೆಯ ಹಲವು ಪಟ್ಟು ಹೊತ್ತು ಬೇಕು. ಮುಟ್ಟಿದರೆ ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ ಎಂದರ್ಥ. ಅದರ ಮೇಲೆ ಎರಡನೆಯ ಲೇಪ ಕೊಟ್ಟರೆ ಹೂಕೋಸಿನಂಥ ಅಂಚಿನ ಕಲೆ ಮೂಡುತ್ತದೆ. ಹೇರ್ ಡ್ರೈಯರ್ ಬಳಸುವುದಾದರೆ ಒಂದು ಅಡಿ ದೂರದಿಂದ, ಕೈ ಆಡಿಸುತ್ತಾ ಬಳಸಿ.

ಚಿತ್ರವನ್ನು ಫೋನಿನಲ್ಲಿ ತೆಗೆದು ಕಳಿಸಬೇಡಿ. ಬೆಳಕು ಒಂದು ಮೂಲೆಯಲ್ಲಿ ಹಳದಿ, ಇನ್ನೊಂದರಲ್ಲಿ ನೀಲಿ ಬಿದ್ದಿರುತ್ತದೆ. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ, ಟಿಫ್ ಕಡತವಾಗಿ ಉಳಿಸಿ. ಡಿಪಿಐ ಎಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಲೆಕ್ಕ. ಸ್ಕ್ಯಾನರ್ ತಾನಾಗಿ ಬಣ್ಣ ತಿದ್ದುವ ಆಯ್ಕೆಯನ್ನು ಆಫ್ ಮಾಡಿಡಿ. ಚಿತ್ರ ದೊಡ್ಡದಿದ್ದರೆ ಎರಡು ಭಾಗವಾಗಿ, ನಡುವೆ 3–4 ಸೆಂ.ಮೀ. ಎರಡರಲ್ಲೂ ಬರುವಂತೆ ತೆಗೆಯಿರಿ.

ಕಂಪ್ಯೂಟರಿನಲ್ಲಿ ಬಿಡಿಸುವವರಿಗೆ ಕ್ರಿತಾ ಉಚಿತ ತಂತ್ರಾಂಶ. ಪ್ರೊಕ್ರಿಯೇಟ್ ಐಪ್ಯಾಡಿನಲ್ಲಿ ಮಾತ್ರ ಪೂರ್ಣ ರೂಪದಲ್ಲಿ ಸಿಗುತ್ತದೆ. ಹಾಳೆಯ ಗಾತ್ರವನ್ನು ಮೊದಲೇ ಸರಿಯಾಗಿ ಹಾಕಿ, ಆಮೇಲೆ ಹಿಗ್ಗಿಸಿದರೆ ಗೆರೆ ಮಸುಕಾಗುತ್ತದೆ. ಪುಸ್ತಕ 8.5 ಇಂಚಿನ ಚೌಕ ಎಂದುಕೊಳ್ಳಿ. ಜೋಡಿಪುಟ 17 × 8.5 ಇಂಚು. ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ ಸೇರಿಸಿ. ಬ್ಲೀಡ್ ಎಂದರೆ ಕತ್ತರಿಸಿ ಹೋಗಲೆಂದೇ ಚಿತ್ರವನ್ನು ಅಂಚಿನ ಆಚೆಗೆ ಬೆಳೆಸುವುದು. ಇಲ್ಲದಿದ್ದರೆ ಕಟಿಂಗ್ ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ. 300 ಡಿಪಿಐಗೆ ಇದು 5171 × 2621 ಪಿಕ್ಸೆಲ್.

ಬಣ್ಣದಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ಪರದೆ ಬಣ್ಣ ಕಟ್ಟುವುದು ಕೆಂಪು, ಹಸಿರು, ನೀಲಿ ಬೆಳಕಿನಿಂದ. ಅಚ್ಚು ಕಟ್ಟುವುದು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಶಾಯಿಯಿಂದ. ಪರದೆಯಲ್ಲಿ ಹೊಳೆಯುವ ಎಳೆ ಗದ್ದೆಯ ಹಸಿರು ಶಾಯಿಯಲ್ಲಿ ಸಿಗುವುದೇ ಇಲ್ಲ, ಒಣಗಿದ ಸೊಪ್ಪಿನಂತೆ ಕಂದುತ್ತದೆ. ಕರಾವಳಿಯ ಕಥೆಯಲ್ಲಿ ಹಸಿರು ಇಲ್ಲದ ಪುಟವೇ ಇಲ್ಲವಾದ್ದರಿಂದ ನಮಗೆ ಇದು ಹೆಚ್ಚು ಪೆಟ್ಟು ಕೊಡುತ್ತದೆ. ಶುರುವಿನಿಂದಲೇ ಅಚ್ಚಿನ ಬಣ್ಣ ತೋರಿಸುವ ಸಾಫ್ಟ್ ಪ್ರೂಫ್ ಆಯ್ಕೆ ಹಾಕಿಕೊಂಡು ಕೆಲಸ ಮಾಡಿ. ಹಸಿರು ಬೆಳಗಿ ಕಾಣಬೇಕಿದ್ದರೆ ಅದರ ಪಕ್ಕ ಮುರಕಲ್ಲಿನ ಕೆಂಪನ್ನು ಇಡಿ, ಕಣ್ಣಿಗೆ ತಾನಾಗಿ ಹೊಳೆಯುತ್ತದೆ.

8. ಅಕ್ಷರ

ಕಥೆಯನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಮಾಡಿದ್ದು ಬೇರೆಯವರ ಕಂಪ್ಯೂಟರಿನಲ್ಲಿ ಗೊಜಲಾಗಿ ಕಾಣುತ್ತದೆ. ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ 2 ಮುಕ್ತ ಪರವಾನಗಿಯ ಫಾಂಟುಗಳು, ಪುಸ್ತಕಕ್ಕೆ ಬಳಸಲು ಹಣ ಕೊಡಬೇಕಿಲ್ಲ. ಗಾತ್ರ 20ರಿಂದ 24 ಪಾಯಿಂಟ್ ಇರಲಿ. ಸಾಲುಗಳ ನಡುವಿನ ಅಂತರ ಅಕ್ಷರದ ಗಾತ್ರದ 1.6 ಪಟ್ಟಾದರೂ ಇರಲಿ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಓದಲು ಬಾರದಂತಾಗುತ್ತದೆ. ಫೋಟೊಶಾಪಿನಲ್ಲಿ ಒತ್ತಕ್ಷರ ಒಡೆದುಕೊಂಡರೆ ಅಕ್ಷರದ ಆಯ್ಕೆಗಳಲ್ಲಿ ‘ವರ್ಲ್ಡ್ ರೆಡಿ ಲೇಔಟ್’, ಇನ್‌ಡಿಸೈನಿನಲ್ಲಾದರೆ ‘ವರ್ಲ್ಡ್ ರೆಡಿ ಕಂಪೋಸರ್’ ಹಾಕಿ.

ಚಿತ್ರದ ಒಳಗೇ ಮಾತನ್ನು ಬರೆಯಬೇಡಿ. ಒಂದೇ ಪುಸ್ತಕವನ್ನು ಹಲವು ಭಾಷೆಗಳಲ್ಲಿ ಅಚ್ಚು ಹಾಕುವಾಗ ಬಣ್ಣದ ಪ್ಲೇಟುಗಳನ್ನು (ಒಂದೊಂದು ಶಾಯಿಗೆ ಒಂದೊಂದರಂತೆ ಮಾಡುವ ಅಚ್ಚಿನ ಫಲಕಗಳನ್ನು) ಹಾಗೇ ಇಟ್ಟು ಕಪ್ಪಿನ ಪ್ಲೇಟೊಂದನ್ನೇ ಬದಲಿಸುತ್ತಾರೆ. ಅಕ್ಷರ ಬರೇ ಕಪ್ಪು ಶಾಯಿಯಲ್ಲಿರಬೇಕು, ತಿಳಿಯಾದ ಹಿನ್ನೆಲೆಯ ಮೇಲೆ ಕೂರಬೇಕು ಎನ್ನುವುದಕ್ಕೆ ಕಾರಣ ಇದೇ. ಕತ್ತಲ ಆಕಾಶದ ಮೇಲಿನ ಬಿಳಿ ಅಕ್ಷರ ಚಂದ ಕಾಣುತ್ತದೆ ನಿಜ, ಆದರೆ ಅನುವಾದದ ಹೊತ್ತಿಗೆ ನಾಲ್ಕೂ ಪ್ಲೇಟು ಹೊಸತಾಗಿ ಮಾಡಬೇಕು.

9. ಪ್ರಕಾಶಕರಿಗೆ ಕಳಿಸುವುದು

ಕನ್ನಡದಲ್ಲಿ ಚಿತ್ರಪುಸ್ತಕ ತರುವವರಲ್ಲಿ ಪ್ರಥಮ್ ಬುಕ್ಸ್, ಚೆನ್ನೈಯ ತೂಲಿಕಾ, ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ ಇದ್ದಾರೆ. ಕಳಿಸುವ ಮುನ್ನ ಅವರ ಹತ್ತು ಪುಸ್ತಕವಾದರೂ ಗ್ರಂಥಾಲಯದಲ್ಲಿ ಕೂತು ಓದಿ. ಕಳಿಸಬೇಕಾದ್ದು ನಾಲ್ಕು: ಅರ್ಧ ಪುಟದ ಪತ್ರ, ಪುಟವಾರು ವಿಂಗಡಿಸಿದ ಕಥೆ, ಡಮ್ಮಿಯ ಪಿಡಿಎಫ್, ಪೂರ್ತಿ ಮುಗಿಸಿದ ಎರಡು ಅಥವಾ ಮೂರು ಜೋಡಿಪುಟ. ಎಲ್ಲ ಚಿತ್ರ ಮುಗಿಸಿ ಕಳಿಸಬೇಡಿ. ಸಂಪಾದಕರು ಗಾತ್ರ, ಪುಟ, ಕೆಲವೊಮ್ಮೆ ಕಥೆಯ ಕೊನೆಯನ್ನೇ ಬದಲಿಸಲು ಕೇಳಬಹುದು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಅಷ್ಟರಲ್ಲಿ ಮುಂದಿನ ಡಮ್ಮಿ ಶುರುಮಾಡಿ. ಬರವಣಿಗೆ ಮಾತ್ರ ನಿಮ್ಮದಾದರೆ ಚಿತ್ರಕಾರರನ್ನು ಹುಡುಕಿ ದುಡ್ಡು ಕೊಡಬೇಡಿ. ಅದು ಸಾಮಾನ್ಯವಾಗಿ ಪ್ರಕಾಶಕರ ಕೆಲಸ.

ಅಭ್ಯಾಸಕ್ಕೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಜಾಲತಾಣ ಒಳ್ಳೆಯ ಅಂಗಳ. ಅಲ್ಲಿರುವ ಚಿತ್ರಗಳನ್ನು ಬಳಸಿ ನಿಮ್ಮ ಕಥೆ ಕಟ್ಟಬಹುದು, ಇರುವ ಕಥೆಗಳನ್ನು ಕನ್ನಡಕ್ಕೆ, ತುಳುವಿಗೆ ತರಬಹುದು. ಆದರೆ ಅಲ್ಲಿ ಹಾಕಿದ್ದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಳಪಡುತ್ತದೆ: ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ಮಾರಲೂಬಹುದು, ಕೊಟ್ಟ ಪರವಾನಗಿಯನ್ನು ಹಿಂಪಡೆಯಲಾಗದು. ಪ್ರಕಾಶಕರಿಗೆ ಕಳಿಸಬೇಕೆಂದಿರುವ ಕಥೆಯನ್ನು ಅಲ್ಲಿಗೆ ಹಾಕಬೇಡಿ.

10. ಒಪ್ಪಂದ ಓದಿ ಸಹಿ ಹಾಕಿ

ಕೃತಿಸ್ವಾಮ್ಯ ನೀವು ಬರೆದ, ಬಿಡಿಸಿದ ಕ್ಷಣದಿಂದಲೇ ನಿಮ್ಮದು, ನಿಮ್ಮ ಜೀವಿತಾವಧಿ ಮತ್ತು ಆನಂತರ 60 ವರ್ಷ. ನೋಂದಣಿ ಕಡ್ಡಾಯವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದು ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. “ಎಲ್ಲ ಹಕ್ಕುಗಳು, ಎಲ್ಲ ಮಾಧ್ಯಮಗಳಿಗೆ, ಶಾಶ್ವತವಾಗಿ” ಎಂಬ ಸಾಲು ಕಂಡರೆ ನಿಲ್ಲಿ, ಕೇಳಿ. ಕಥೆ ಮತ್ತು ಚಿತ್ರ ಎರಡು ಬೇರೆ ಬೇರೆ ಕೃತಿಗಳು. ಎರಡಕ್ಕೂ ಪ್ರತ್ಯೇಕವಾಗಿ ಸಂಭಾವನೆ ಅಥವಾ ಗೌರವಧನ ನಮೂದಾಗಿದೆಯೇ, ಮೂಲ ಚಿತ್ರ ನಿಮ್ಮ ಕೈಗೆ ವಾಪಸ್ ಬರುತ್ತದೆಯೇ, ಅನುವಾದವಾದರೆ ನಿಮಗೇನು ಸಿಗುತ್ತದೆ ಎಂದು ನೋಡಿಕೊಳ್ಳಿ. ಪುಸ್ತಕ ತರಲು ನಿಮ್ಮಿಂದಲೇ ಹಣ ಕೇಳುವವರು ಪ್ರಕಾಶಕರಲ್ಲ, ಅವರು ಮುದ್ರಣ ಸೇವೆ ಮಾರುವವರು. ಹಾಗೆಂದೇ ತಿಳಿದು ಲೆಕ್ಕ ಹಾಕಿ.

11. ನೀವೇ ಪ್ರಕಟಿಸುವುದಾದರೆ

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ, ಲೇಖಕರೇ ಅರ್ಜಿ ಹಾಕಬಹುದು. ದುಡ್ಡು ತೆಗೆದುಕೊಂಡು ಕೊಡಿಸುತ್ತೇವೆ ಎನ್ನುವವರ ಸಹವಾಸ ಬೇಡ. ನೂರಿನ್ನೂರು ಪ್ರತಿಗೆ ಡಿಜಿಟಲ್ ಮುದ್ರಣ, ಸಾವಿರದ ಹತ್ತಿರವಾದರೆ ಪ್ಲೇಟು ಮಾಡಿ ಅಚ್ಚು ಹಾಕುವ ಆಫ್‌ಸೆಟ್. ಒಳಪುಟಕ್ಕೆ 130 ಜಿಎಸ್‌ಎಂ ಮ್ಯಾಟ್ ಆರ್ಟ್ ಪೇಪರ್, ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಸಾಕು. ಹೊಳಪಿನ ಕಾಗದ ತರಗತಿಯಲ್ಲಿ ಬೆಳಕಿಗೆ ಮಿರುಗಿ ಹಿಂದೆ ಕುಳಿತ ಮಗುವಿಗೆ ಚಿತ್ರವೇ ಕಾಣದಂತಾಗುತ್ತದೆ.

ಅಚ್ಚಿನ ಕೆಲಸವನ್ನು ಡಿಸೆಂಬರ್–ಏಪ್ರಿಲ್ ನಡುವೆ ಮುಗಿಸಿ. ಮಳೆಗಾಲದಲ್ಲಿ ರಕ್ಷಾಪುಟದ ಲ್ಯಾಮಿನೇಷನ್ ಇಲ್ಲದ ಒಳಬದಿ ತೇವ ಹೀರಿ ಹಿಗ್ಗುತ್ತದೆ, ಪ್ಲಾಸ್ಟಿಕ್ ಬದಿ ಹಿಗ್ಗುವುದಿಲ್ಲ. ಪುಸ್ತಕ ಹೊರಗೆ ಸುರುಳಿ ಏಳುತ್ತದೆ. ಬೆನ್ನಿನ ಪಿನ್ ಸಾಧಾರಣ ಕಬ್ಬಿಣದ್ದಾದರೆ ಕಡಲ ಗಾಳಿಗೆ ತುಕ್ಕು ಹಿಡಿದು ನಡು ಪುಟದಲ್ಲಿ ಕಂದು ಕಲೆ ಬಿಡುತ್ತದೆ. ತುಕ್ಕು ಹಿಡಿಯದ ತಂತಿ ಅಥವಾ ದಾರದ ಹೊಲಿಗೆ ಕೇಳಿ. ಇಡೀ ಮುದ್ರಣಕ್ಕೆ ಒಪ್ಪಿಗೆ ಕೊಡುವ ಮುನ್ನ ಅದೇ ಕಾಗದದ ಮೇಲೆ ಒಂದು ಬಣ್ಣದ ಪ್ರೂಫ್ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ.

ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು, 1954ರ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಪುಸ್ತಕ ಆಯ್ಕೆಗೆ ಅರ್ಜಿ ಕರೆದಾಗ ತಪ್ಪದೆ ಹಾಕಿ, ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆಗಳ ಮೇಲೂ ಕಣ್ಣಿಡಿ.

ಉಳಿದ ಪ್ರತಿಗಳ ಕಟ್ಟನ್ನು ನೆಲದ ಮೇಲೆ ಇಡಬೇಡಿ. ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ, ಮಲಗಿಸಿ ಇಡಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಮುರಕಲ್ಲಿನ ಗೋಡೆ ನೀರು ಎಳೆಯುತ್ತದೆ.